ಗೇಲಿ ಮಾಡದಿರುವ ಬಗ್ಗೆ ಸ್ಪಷ್ಟೀಕರಣ

ನಗುವುದಕ್ಕೆ ಮೂರು ಕಾರಣಗಳಿವೆ ಎಂಬುದು ಮದ್ದೂರಿನ ಸಿದ್ದರಾಮುವಿಗೆ ಐವತ್ತೊಂದು ವರ್ಷ ಗೊತ್ತೇ ಇರಲಿಲ್ಲ. ಅಲ್ಲಿಯತನಕ ಅವನು ಕಾರಣವಿಲ್ಲದೆಯೇ ನಗುತ್ತಿದ್ದ. ಉಂಡದ್ದು ಅರಗುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು, ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿ ಕಡತಗಳನ್ನು ಈ ಮೇಜಿನಿಂದ ಆ ಮೇಜಿಗೆ ದಾಟಿಸುವ ಕೆಲಸ ಸುಸೂತ್ರವಾಗಿ ನಡೆದಿತ್ತು. ಯಾವ ಕಚೇರಿ ಎಂದು ಇಲ್ಲಿ ಹೇಳುವುದು ಬೇಡ. ಅಲ್ಲಿರುವವರಿಗೆ ಬೇಜಾರಾದೀತು.

ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ನೌಕರರ ಒತ್ತಡ ಇಳಿಸಲು ಮಂಡ್ಯದಲ್ಲಿ ಎರಡು ದಿನದ ತರಬೇತಿ, ಕಚೇರಿಗೊಬ್ಬರನ್ನು ಕಳಿಸತಕ್ಕದ್ದು. ಇಡೀ ಕಚೇರಿಯಲ್ಲಿ ಒತ್ತಡವೇ ಇಲ್ಲದವನು ಸಿದ್ದರಾಮು ಒಬ್ಬನೇ. ಎರಡು ದಿನ ಅವನಿಲ್ಲದಿದ್ದರೂ ನಡೆಯುತ್ತದೆ ಎಂದು ಅವನನ್ನೇ ಕಳಿಸಿದರು. ತರಬೇತಿ ಇದ್ದದ್ದು ಮಹಡಿಯ ಮೇಲೆ. ಅದೇ ಕಟ್ಟಡದ ಕೆಳಗಿನ ಹಾಲಿನಲ್ಲಿ ‘ಹಾಸ್ಯದ ಸಿದ್ಧಾಂತಗಳು ಮತ್ತು ಸಮಾಜದಲ್ಲಿ ನಗೆಯ ಪಾತ್ರ’ ಎಂಬ ವಿಚಾರಗೋಷ್ಠಿ ನಡೆಯುತ್ತಿತ್ತು. ಅದರ ಬಾಗಿಲಲ್ಲಿ ಉಪ್ಪಿಟ್ಟು ಕೊಡುತ್ತಿದ್ದುದನ್ನು ಕಂಡು ಸಿದ್ದರಾಮು ಅಲ್ಲಿಗೇ ಹೊಕ್ಕ. ಸಹಿ ಹಾಕಿದ, ಉಪ್ಪಿಟ್ಟು ತಿಂದ, ಮುಂದಿನ ಸಾಲಿನಲ್ಲಿ ಕೂತ. ತಪ್ಪು ಹಾಲಿಗೆ ಬಂದಿದ್ದೇನೆಂದು ತಿಳಿದದ್ದು ಮಧ್ಯಾಹ್ನದ ಊಟವಾದ ಮೇಲೆ. ಒಮ್ಮೆ ಹಾಜರಿ ಹಾಕಿದ ಮೇಲೆ ಎದ್ದು ಹೋಗುವುದು ನಿಯಮಕ್ಕೆ ವಿರುದ್ಧವೆಂದು ಅಲ್ಲೇ ಉಳಿದ.

ಎರಡು ದಿನವೂ ಮಾತಾಡಿದವರು ಒಬ್ಬ ಸಣಕಲು ವಿದ್ವಾಂಸರು. ಬಹಳ ಓದಿಕೊಂಡಿದ್ದರು, ಆದ್ದರಿಂದ ಒಮ್ಮೆಯೂ ನಗಲಿಲ್ಲ. ಅವರು ಹೇಳಿದ್ದರ ಸಾರ ಇಷ್ಟು: ಇನ್ನೊಬ್ಬ ಜಾರಿ ಬಿದ್ದಾಗ ‘ನಾನು ಬೀಳಲಿಲ್ಲವಲ್ಲ’ ಎಂಬ ಹೆಮ್ಮೆಯಲ್ಲಿ ನಗುವುದು ಹಿರಿಮೆಯ ಸಿದ್ಧಾಂತ. ಇರಬೇಕಾದ ಕಡೆ ಇರಬೇಕಾದ್ದು ಇಲ್ಲದೆ ಬೇರೆಯದೇ ಇದ್ದಾಗ ನಗುವುದು ಅಸಂಗತತೆಯ ಸಿದ್ಧಾಂತ. ಒಳಗೆ ಅದುಮಿಟ್ಟದ್ದು ಕುಕ್ಕರಿನ ವಿಶಲ್ಲಿನ ಹಾಗೆ ಹೊರಗೆ ಬಂದಾಗ ನಗುವುದು ಬಿಡುಗಡೆಯ ಸಿದ್ಧಾಂತ. ಇವುಗಳಲ್ಲಿ ಮೊದಲನೆಯದು ಅಪಾಯಕಾರಿ, ಅದರಲ್ಲಿ ಎದುರಿನವನಿಗೆ ಅವಮಾನವಾಗುತ್ತದೆ ಎಂದು ಅವರು ಹೇಳಿದ್ದನ್ನು ಸಿದ್ದರಾಮು ಕೆಂಪು ಪೆನ್ನಿನಲ್ಲಿ ಬರೆದುಕೊಂಡ. ಆಮೇಲೆ ಅವರು ‘ಆದರೆ’ ಎಂದು ಇನ್ನೇನೋ ಸೇರಿಸಿದರು. ಅಷ್ಟರಲ್ಲಿ ಕಾಫಿ ಬಂತು.

ಊರಿಗೆ ಬಂದವನೇ ಗೋಷ್ಠಿಯಲ್ಲಿ ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ನಡುಮನೆಯಲ್ಲಿದ್ದ ತನ್ನ ಮದುವೆಯ ಫೋಟೋ ಇಳಿಸಿ, ಅದೇ ಮೊಳೆಗೆ ನೇತುಹಾಕಿದ. ಫೋಟೋ ಎಲ್ಲಿ ಎಂದು ಹೆಂಡತಿ ವನಜಾ ಕೇಳಿದ್ದಕ್ಕೆ, ಎರಡೂ ಒಟ್ಟಿಗಿದ್ದರೆ ಅಸಂಗತವಾಗುತ್ತದೆ ಎಂದ. ಆ ದಿನ ಸಾರಿಗೆ ಉಪ್ಪಿರಲಿಲ್ಲ.

ಕಚೇರಿಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಸಿದ್ದರಾಮು ಕೈ ಎತ್ತಿ ನಿಲ್ಲಿಸುತ್ತಿದ್ದ. ಈಗ ನಕ್ಕದ್ದು ಯಾವ ಸಿದ್ಧಾಂತದ ಅಡಿಯಲ್ಲಿ ಎಂದು ನಿಧಾನವಾಗಿ ವಿವರಿಸಿ, ಇನ್ನು ಮುಂದುವರಿಸಬಹುದು ಎಂದು ಅಪ್ಪಣೆ ಕೊಡುತ್ತಿದ್ದ. ಹದಿನೈದು ದಿನದಲ್ಲಿ ಕಚೇರಿಯಲ್ಲಿ ನಗು ನಿಂತುಹೋಗಿ ಕಡತಗಳು ಬೇಗ ಬೇಗ ಮುಗಿಯತೊಡಗಿದವು. ಸಾರ್ವಜನಿಕರು ಗಾಬರಿಯಾದರು. ಅಟೆಂಡರ್ ಮರಿಸಿದ್ದಯ್ಯ ಬಂದು, “ಸಾ, ನಗಾಕೆ ಅರ್ಜಿ ಕೊಡ್ಬೇಕಾ, ಇಲ್ಲ ಬಾಯಲ್ಲಿ ಏಳುದ್ರೆ ಸಾಕಾ?” ಎಂದು ಕೇಳಿದ. ಸಿದ್ದರಾಮು ಸ್ವಲ್ಪ ಯೋಚಿಸಿ, ಸದ್ಯಕ್ಕೆ ಬಾಯಿಮಾತು ಸಾಕು ಎಂದ.

ಹೀಗಿರುವಾಗ ಮಗಳು ಶಾಲಿನಿಗೆ ಗಂಡು ಗೊತ್ತಾಯಿತು. ಹುಡುಗ ಸ್ವರೂಪ್, ಮಂಡ್ಯದಲ್ಲಿ ಟ್ರ್ಯಾಕ್ಟರ್ ರಿಪೇರಿ ಕೆಲಸ. ಅವನಪ್ಪ ಕೆಂಪಸಿದ್ದಯ್ಯ ಮಳವಳ್ಳಿಯಲ್ಲಿ ರೇಷ್ಮೆ ಬೆಳೆಯುವವನು, ಮಾತು ಕಡಿಮೆ, ಮೀಸೆ ಜಾಸ್ತಿ. ಈ ಸಂಬಂಧ ಕುದುರಿಸಿದವನು ವನಜಾಳ ತಮ್ಮ ಮಹದೇವು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರು. ಶಾಲಿನಿ ಮಂಡ್ಯದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಎಂಥ ಗಟ್ಟಿಗರು ಸೂಜಿ ಕಂಡು ನಡುಗಿದರೂ ತಾನು ಮುಖ ಸಡಿಲಿಸದವಳು. ಅಂಥವಳು ಈಗೀಗ ಫೋನು ನೋಡಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಮದ್ದೂರಿನ ಸಮುದಾಯ ಭವನದಲ್ಲಿ ವೀಳ್ಯಶಾಸ್ತ್ರ ಎಂದು ನಿಗದಿಯಾಯಿತು.

ಇಲ್ಲಿ ಸಿದ್ದರಾಮುವಿನ ತಾಯಿ ಸಣ್ಣತಾಯಮ್ಮನ ಬಗ್ಗೆ ಹೇಳಬೇಕು. ಎಪ್ಪತ್ತೆರಡು ವರ್ಷದ ಹೆಂಗಸು, ತವರು ಆತಗೂರು. ಹೊಸ ಬೀಗರು ಮೊದಲ ಸಲ ಎಲೆ ಮುಂದೆ ಕೂತಾಗ, ಹೆಣ್ಣಿನ ಕಡೆಯ ಹೆಂಗಸರು ಗೋಡೆಗೊರಗಿ ಕೂತು ಅವರನ್ನು ಜರಿದು ಪದ ಹೇಳುವುದು ಆ ಕಡೆ ಹಿಂದಿನಿಂದ ಬಂದದ್ದು. ಮೀಸೆ, ಹೊಟ್ಟೆ, ಜಿಪುಣತನ, ನಡಿಗೆ, ಯಾವುದನ್ನೂ ಬಿಡುವಂತಿಲ್ಲ. ಬೀಗರ ಕಡೆಯ ಹೆಂಗಸರು ಅಲ್ಲೇ ಅದಕ್ಕೆ ತಕ್ಕ ಜವಾಬು ಹಾಡಬೇಕು. ಹನಕೆರೆಯಿಂದ ಹಿಡಿದು ಯಲಿಯೂರಿನ ತನಕ ಈ ಪದಕ್ಕೆ ಸಣ್ಣತಾಯಮ್ಮನನ್ನು ಬಿಟ್ಟರಿಲ್ಲ. ಮೊಮ್ಮಗಳ ಮದುವೆ ಎಂದ ಮೇಲೆ ಕೇಳಬೇಕೆ? ಮಳವಳ್ಳಿ ಕಡೆಯಿಂದ ಬರುವ ಸೊಪ್ಪಿನವರು, ಬಳೆಯವರು, ಬಸ್ಸಿನ ಕಂಡಕ್ಟರು ಎಲ್ಲರನ್ನೂ ಎರಡು ತಿಂಗಳು ವಿಚಾರಿಸಿ ಕೆಂಪಸಿದ್ದಯ್ಯನ ಮನೆತನದ ಬಗ್ಗೆ ಹತ್ತೊಂಬತ್ತು ಸಂಗತಿ ಕಲೆಹಾಕಿದ್ದಳು. ಪೊಲೀಸರಿಗೂ ಅಷ್ಟು ಸಿಕ್ಕುತ್ತಿರಲಿಲ್ಲ.

ವೀಳ್ಯಶಾಸ್ತ್ರಕ್ಕೆ ನಾಲ್ಕು ದಿನವಿರುವಾಗ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಅವಳು ಮೊದಲನೆಯ ಪದ ಒಪ್ಪ ಮಾಡುತ್ತಿದ್ದುದು ಸಿದ್ದರಾಮುವಿನ ಕಿವಿಗೆ ಬಿತ್ತು.

ಮೀಸೆಗೆ ಕರಿಬಣ್ಣ ತಲೆಗ್ಯಾಕೆ ಬಿಳಿಬಣ್ಣ
ಕಾಸೀಗೆ ಬಣ್ಣ ಸಾಲ್ದಾಯ್ತ, ನಮ್ ಬೀಗ
ಆಸೇಯು ಅಲ್ಲೀಗೆ ಮುಗ್ದೋಯ್ತ

ಸಿದ್ದರಾಮು ಬೆವೆತುಹೋದ. ಇದು ಕೆಂಪು ಪೆನ್ನಿನಲ್ಲಿ ಬರೆದುಕೊಂಡ ಸಿದ್ಧಾಂತವೇ. ಮಗಳ ಮದುವೆ ಮುರಿಯಲು ಇನ್ನೇನು ಬೇಕು ಎಂದು ಹಿತ್ತಿಲಿಗೆ ಓಡಿದ.

“ಅವ್ವ, ಇದ್ರಿಂದ ಬೀಗರಿಗೆ ಅವಮಾನ ಆಯ್ತದೆ.”

“ಆಗ್ಲಿ ಅಂತಲೇ ಕಣ್ಲಾ ಕಟ್ಟಿರದು,” ಎಂದಳು ಸಣ್ಣತಾಯಮ್ಮ, ಕಾಯಿ ಸುಲಿಯುವುದನ್ನು ನಿಲ್ಲಿಸದೆ. “ಮಡಕೆ ತಕ್ಕೊಳ್ಳಾಗ ಬೆಳ್ಳಲ್ಲಿ ಬಡ್ದು ನೋಡಕಿಲ್ವಾ? ಬೀಗ್ರೂ ಅಂಗೇಯ. ಟಣ್ ಅಂದ್ರೆ ಬಾಳ್ಕೆ ಬತ್ತಾರೆ ಅಂತ.”

ತಾನು ಇದನ್ನು ಎರಡು ದಿನ ಕೂತು ಕಲಿತಿದ್ದೇನೆಂದು ಸಿದ್ದರಾಮು ಒಳಗಿಂದ ಪ್ರಮಾಣಪತ್ರ ತಂದು ಮುಂದೆ ಹಿಡಿದ. ಸಣ್ಣತಾಯಮ್ಮ ಓದಿದವಳಲ್ಲ. ಆದರೆ ಕೆಳಗೆ ದುಂಡಗೆ ಒಂದು ಮುದ್ರೆ ಇತ್ತು. ಮುದ್ರೆ ಇರುವ ಕಾಗದಕ್ಕೆ ಎದುರಾಡಿದರೆ ಪಿಂಚಣಿ ನಿಲ್ಲುತ್ತದೆಂದು ಅವಳು ಎಲ್ಲೋ ಕೇಳಿದ್ದಳು. ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಸುಮ್ಮನಾದಳು.

ವೀಳ್ಯಶಾಸ್ತ್ರದ ದಿನ ಮಳವಳ್ಳಿಯಿಂದ ಎರಡು ವ್ಯಾನು ತುಂಬ ಬೀಗರು ಬಂದರು. ತಾಂಬೂಲ ಬದಲಾಯಿಸಿಕೊಂಡದ್ದಾಯಿತು, ಹುಡುಗಿಗೆ ಸೀರೆ, ಬೀಗನಿಗೆ ಪಂಚೆ ಶಲ್ಯ ಕೊಟ್ಟದ್ದಾಯಿತು, ಎಲೆ ಹಾಕಿದ್ದಾಯಿತು. ಕೆಂಪಸಿದ್ದಯ್ಯ ಹೊಸದಾಗಿ ಕಪ್ಪು ಮಾಡಿಸಿದ ಮೀಸೆಯೊಂದಿಗೆ ಮೊದಲ ಎಲೆಗೆ ಕೂತು, ಮೀಸೆಯನ್ನೊಮ್ಮೆ ನೀವಿ, ಗೋಡೆಯ ಕಡೆ ನೋಡಿದ. ಅವನ ಅಕ್ಕ ಪಟ್ಟಲಮ್ಮ, ಮಳವಳ್ಳಿ ಸುತ್ತಿನಲ್ಲಿ ಬೀಗರ ಪದಕ್ಕೆ ಹೆಸರಾದವಳು, ಗಂಟಲು ಸರಿಮಾಡಿಕೊಂಡು ಸೆರಗು ಸಿಕ್ಕಿಸಿ ಕೂತಳು. ಎದುರು ಗೋಡೆಗೆ ಸಣ್ಣತಾಯಮ್ಮ ಮತ್ತು ಏಳು ಹೆಂಗಸರು ತುಟಿ ಹೊಲಿದುಕೊಂಡವರಂತೆ ಕೂತಿದ್ದರು.

ಹುಳಿ ಬಂತು, ಪಲ್ಯ ಬಂತು. ಪದ ಬರಲಿಲ್ಲ. ಅದರ ಬದಲು ಸಿದ್ದರಾಮು ಮೈಕು ಹಿಡಿದು ನಿಂತ. ನಗೆಯ ಸಿದ್ಧಾಂತಗಳನ್ನು ಓದಿ, ಬೀಗರ ಸಂತೋಷಕ್ಕಾಗಿ ಯಾರಿಗೂ ನೋವಾಗದಂಥ ಮೂರು ಹಾಸ್ಯಗಳನ್ನು ತಾನೇ ರಚಿಸಿದ್ದೇನೆಂದು ತಿಳಿಸಿ, ಮೊದಲನೆಯದನ್ನು ಓದಿದ. ಬಲ್ಬು ಫ್ಯಾನನ್ನು ಕೇಳಿತಂತೆ, ನೀನೇಕೆ ಸುತ್ತುತ್ತೀಯ ಎಂದು. ಕರೆಂಟು ಇದೆ, ಅದಕ್ಕೆ ಎಂದಿತಂತೆ ಫ್ಯಾನು. ಇದರಲ್ಲಿ ಯಾವ ವ್ಯಕ್ತಿಗೂ ಅವಮಾನವಾಗಿಲ್ಲ ಎಂಬುದನ್ನು ಗಮನಿಸಬೇಕು ಎಂದು ಸಿದ್ದರಾಮು ಕೊನೆಗೆ ಸೇರಿಸಿದ. ಮೂಲೆಯಿಂದ ಯಾರೋ ಅನ್ನ ಕೇಳಿದರು. ಎರಡನೆಯ ಹಾಸ್ಯದಲ್ಲಿ ಒಂದು ಮೋಡ ಇತ್ತು, ಮೂರನೆಯದರಲ್ಲಿ ಕುರ್ಚಿ. ಅಷ್ಟು ಹೊತ್ತಿಗೆ ಬೀಗರೆಲ್ಲ ಕೈ ತೊಳೆಯಲು ಎದ್ದಿದ್ದರು. ಕೆಂಪಸಿದ್ದಯ್ಯ ಪಾಯಸ ಮುಟ್ಟಿರಲಿಲ್ಲ. ಒಬ್ಬರಿಗೂ ನೋವಾಗದೆ ಕಾರ್ಯ ನಡೆಯಿತೆಂದು ಸಿದ್ದರಾಮು ಬಹಳ ಹಿಗ್ಗಿದ.

ನಗುವಿನ ಮೂರು ಸಿದ್ಧಾಂತ ಹುಟ್ಟಲು ಎರಡು ಸಾವಿರ ವರ್ಷ ಹಿಡಿಯಿತೆಂದು ಮಂಡ್ಯದ ವಿದ್ವಾಂಸರು ಹೇಳಿದ್ದರು. ನಗದೇ ಇದ್ದುದಕ್ಕೆ ನಾಲ್ಕು ಸಿದ್ಧಾಂತಗಳು ವ್ಯಾನು ಮಳವಳ್ಳಿ ಮುಟ್ಟುವಷ್ಟರಲ್ಲಿ ತಯಾರಾದವು. ಹುಡುಗಿಗೆ ಮದುವೆ ಇಷ್ಟವಿಲ್ಲ ಎನ್ನುವುದು ಮೊದಲನೆಯದು. ಅವರ ಮನೆಯಲ್ಲಿ ಯಾರೋ ಸತ್ತಿದ್ದಾರೆ, ಮುಚ್ಚಿಟ್ಟಿದ್ದಾರೆ ಎನ್ನುವುದು ಎರಡನೆಯದು. ಸ್ವರೂಪನ ಬಗ್ಗೆ ಏನೋ ಚಾಡಿ ಹೋಗಿದೆ ಎನ್ನುವುದು ಮೂರನೆಯದು. ಪಟ್ಟಲಮ್ಮನದು ನಾಲ್ಕನೆಯದು, ಅದೇ ಗೆದ್ದಿತು. ಆ ಪೇಟೆ ಜನಕ್ಕೆ ನಾವು ಬೈಯ್ಯಕ್ಕೂ ಲಾಯಕ್ಕಾಗಿ ಕಾಣಲಿಲ್ಲ ಎಂದಳು ಅವಳು. ಒಂದು ತಿಂಗಳಿಂದ ಕಟ್ಟಿಟ್ಟುಕೊಂಡ ಜವಾಬುಗಳೆಲ್ಲ ಹೊಟ್ಟೆಯಲ್ಲೇ ಉಳಿದು ಅವಳಿಗೆ ಎರಡು ದಿನ ಊಟ ಸೇರಲಿಲ್ಲ.

ವಾರವಾದ ಮೇಲೆ ಮಹದೇವು ಮಂಡ್ಯದಿಂದ ಬಂದ. ಲಗ್ನಪತ್ರಿಕೆ ಬರೆಸಲು ಅವರು ದಿನವನ್ನೇ ಹೇಳುತ್ತಿಲ್ಲ. ಏನು ಕೇಳಿದರೂ ‘ನೋಡವ’ ಎನ್ನುತ್ತಾರೆ. ಬಂದ ನೆಂಟರನ್ನು ಒಂದು ಪದ ಹೇಳದೆ ಕಳಿಸಿದ ಮನೆ ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ಅವನು ಹೇಳಿದ. “ನಿಮ್ಮ ಬಲ್ಬು ಫ್ಯಾನು ಸರಿ ಭಾವ. ಅವ್ರ್ ಮೀಸೆ ಏನ್ ಪಾಪ ಮಾಡಿತ್ತು?”

ಸಿದ್ದರಾಮುವಿಗೆ ಇದು ಮಾಹಿತಿಯ ಕೊರತೆ ಎನಿಸಿತು. ಹಾಡದೆ ಬಿಟ್ಟದ್ದು ಗೌರವಕ್ಕೆ ಎಂಬುದು ಅವರಿಗೆ ಗೊತ್ತಾಗಿಲ್ಲ, ತಿಳಿಸಿದರೆ ಸರಿಹೋಗುತ್ತದೆ. ಫೋನು ಮಾಡಿ ಎಂದಳು ವನಜಾ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ ಎಂದ ಸಿದ್ದರಾಮು. ತಾಯಿಯನ್ನು ಕೂರಿಸಿಕೊಂಡು, ಆವತ್ತು ಏನೇನು ಹಾಡಬೇಕೆಂದಿದ್ದೆ ಎಂದು ಕೇಳಿದ. ಮಗನಿಗೆ ಕೊನೆಗೂ ಬುದ್ಧಿ ಬಂತೆಂದು ಅವಳು ಹತ್ತೊಂಬತ್ತನ್ನೂ ಸಂತೋಷದಿಂದ ಹೇಳಿದಳು. ಸಿದ್ದರಾಮು ಪದ ತೆಗೆದುಹಾಕಿ ಸಂಗತಿಯನ್ನು ಮಾತ್ರ ಬರೆದುಕೊಂಡ. ಮೂವತ್ತು ವರ್ಷ ಕೈಗೆ ಕೂತ ಧಾಟಿಯಲ್ಲಿ ಪತ್ರ ತಾನಾಗಿ ಹರಿಯಿತು.

“ಮಾನ್ಯರೆ,
ವಿಷಯ: ವೀಳ್ಯಶಾಸ್ತ್ರದ ದಿನ ತಮ್ಮನ್ನು ಗೇಲಿ ಮಾಡದಿರುವ ಬಗ್ಗೆ ಸ್ಪಷ್ಟೀಕರಣ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಸದರಿ ದಿನ ತಮ್ಮನ್ನು ಗೇಲಿ ಮಾಡಲು ಸಾಕಷ್ಟು ಅವಕಾಶಗಳಿದ್ದಾಗ್ಯೂ, ತಮ್ಮ ಮೇಲಿನ ಗೌರವದಿಂದ ಅವುಗಳನ್ನು ಕೈಬಿಡಲಾಗಿರುತ್ತದೆ. ಕೈಬಿಡಲಾದ ಅಂಶಗಳು ಈ ಕೆಳಕಂಡಂತಿವೆ:
1. ತಾವು ಮೀಸೆಗೆ ಬಣ್ಣ ಹಚ್ಚಿಸಿ ತಲೆಗೆ ಹಚ್ಚಿಸದೆ ಇರುವುದು.
2. ತಾವು ಇಳಿಜಾರಿನಲ್ಲಿ ಮೊಪೆಡ್ಡನ್ನು ಆಫ್ ಮಾಡಿ ಉರುಳಿಸಿಕೊಂಡು ಹೋಗುವುದು.
3. ತಮ್ಮ ಅಕ್ಕನವರಾದ ಶ್ರೀಮತಿ ಪಟ್ಟಲಮ್ಮನವರು ಬಾಯಿ ತೆರೆದರೆ ಪಕ್ಕದೂರಿನ ಎಮ್ಮೆಗಳು ಹಗ್ಗ ಕಿತ್ತುಕೊಂಡು ಬರುವುದು.”

ಹೀಗೆ ಹತ್ತೊಂಬತ್ತರವರೆಗೆ ಹೋಗಿ, ಇದನ್ನು ಓದಿಯಾದರೂ ತಾವು ನಮ್ಮ ಸೌಜನ್ಯವನ್ನು ಮನಗಾಣುವಿರೆಂದು ನಂಬಲಾಗಿದೆ ಎಂದು ಪತ್ರ ಮುಗಿಯುತ್ತಿತ್ತು. ಕೆಳಗೆ ಸಹಿ. ಅದರ ಕೆಳಗೆ, ಪ್ರತಿಯನ್ನು ಮಾಹಿತಿಗಾಗಿ ಶ್ರೀ ಮಹದೇವು, ಮಂಡ್ಯ ಇವರಿಗೆ. ಅದರ ಕೆಳಗೆ, ಕಚೇರಿ ಪ್ರತಿ. ಸಿದ್ದರಾಮು ಅದನ್ನು ತಾನೇ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಹಾಕಿ ಬಂದ.

ಮುಂದೆ ಆದದ್ದನ್ನು ಮಹದೇವು ಬಂದು ಹೇಳಿದ. ಪತ್ರ ಮುಟ್ಟುವ ಹೊತ್ತಿಗೆ ಕೆಂಪಸಿದ್ದಯ್ಯ ಕಟಿಂಗ್ ಶಾಪಿನಲ್ಲಿ ಕೂತು ಬಣ್ಣ ಬಿಟ್ಟ ಮೀಸೆಗೆ ಮತ್ತೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ. ಎಡಗಡೆ ಮುಗಿದಿತ್ತು, ಬಲಗಡೆ ಬಾಕಿಯಿತ್ತು. ಪೋಸ್ಟಿನವನು ಅಲ್ಲಿಗೇ ತಂದುಕೊಟ್ಟ. ಕನ್ನಡಕ ಮನೆಯಲ್ಲಿದ್ದುದರಿಂದ ಪಕ್ಕದಲ್ಲಿದ್ದವರಿಗೆ ಓದಲು ಕೊಟ್ಟ. ಅವರು ಕ್ಷೌರಕ್ಕೆ ಕಾಯುತ್ತಿದ್ದ ನಿವೃತ್ತ ಹೆಡ್‌ಮಾಸ್ತರು, ಅಕ್ಷರ ಸ್ಪಷ್ಟವಾಗಿ, ದನಿ ಎತ್ತರಿಸಿ ಓದುವವರು. ಒಂದನೆಯ ಅಂಶಕ್ಕೆ ಅಂಗಡಿಯಲ್ಲಿದ್ದ ಆರು ಜನ ಬೀಗನ ಮೀಸೆಯನ್ನು ನೋಡಿದರು. ಐದನೆಯದರ ಹೊತ್ತಿಗೆ ಬೀದಿಯಲ್ಲಿ ಇಪ್ಪತ್ತು ಜನ ಇದ್ದರು. ತುಟಿಯ ಮೇಲೆ ಬಣ್ಣವಿದ್ದುದರಿಂದ ಕೆಂಪಸಿದ್ದಯ್ಯ ಬಾಯಿ ಬಿಡುವಂತಿರಲಿಲ್ಲ. ಹತ್ತೊಂಬತ್ತೂ ಮುಗಿದ ಮೇಲೆ ಎದ್ದು, ಪತ್ರ ಮಡಚಿ ಜೇಬಿಗಿಟ್ಟುಕೊಂಡು, ಬಲಗಡೆ ಹಚ್ಚಿಸಿಕೊಳ್ಳದೆ ಮನೆಗೆ ಹೋದ. ಆಮೇಲೆ ಆ ಅಂಗಡಿಯ ಮೆಟ್ಟಿಲು ತುಳಿದಿಲ್ಲ.

ಇಷ್ಟು ಹೇಳಿ ಮಹದೇವು ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ವೀಳ್ಯಶಾಸ್ತ್ರದಲ್ಲಿ ಬೀಗನಿಗೆ ಕೊಟ್ಟಿದ್ದ ಪಂಚೆ ಶಲ್ಯ, ಮಡಿಕೆ ಬಿಚ್ಚದೆ ವಾಪಸು ಬಂದಿತ್ತು. ಅದರ ಅರ್ಥ ಯಾರಿಗೂ ವಿವರಿಸಬೇಕಾಗಿರಲಿಲ್ಲ. ವನಜಾ ಸೆರಗು ಬಾಯಿಗಿಟ್ಟುಕೊಂಡಳು. ಸಣ್ಣತಾಯಮ್ಮ ಮಗನನ್ನು ನೋಡಿ, “ಬಾಯಲ್ಲಿ ಆಡಿ ಮರೆಯೋದ್ನ ಬರ್ದು ಸೈನು ಆಕಿ ಕಳ್ಸಿದ್ಯಲ್ಲೋ, ಮುಂಡೇದೆ,” ಎಂದಳು.

ಶಾಲಿನಿ ಅಳಲಿಲ್ಲ, ಕೂಗಾಡಲೂ ಇಲ್ಲ. ಬಂದು ಅಪ್ಪನ ಎದುರಿಗೆ ಕೂತಳು. “ಅಪ್ಪ, ನಂಗೆ ಆ ಮನೇನೇ ಬೇಕು. ನೀನು ಕೆಡಿಸಿರೋದ ನೀನೇ ಹೋಗಿ ಸರಿಮಾಡಿ ಬಾ.” ಅಷ್ಟೇ ಹೇಳಿದಳು. ಅವಳ ದನಿ ನಡುಗುತ್ತಿತ್ತು. ಆ ಮಗಳು ಹುಟ್ಟಿದ ಮೇಲೆ ಅವಳ ದನಿ ನಡುಗಿದ್ದನ್ನು ಸಿದ್ದರಾಮು ಕೇಳಿದ್ದು ಅದೇ ಮೊದಲು. ಅದಕ್ಕೆ ಕೆಂಪು ಪೆನ್ನಿನಲ್ಲಾಗಲಿ ನೀಲಿ ಪೆನ್ನಿನಲ್ಲಾಗಲಿ ಅವನು ಏನೂ ಬರೆದುಕೊಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಿದ್ದರಾಮು, ಸಣ್ಣತಾಯಮ್ಮ, ಮಹದೇವು ಮೂವರೂ ಮಳವಳ್ಳಿ ಬಸ್ಸು ಹತ್ತಿದರು. ಸಂಕಟಕ್ಕೆ ಸಿದ್ದರಾಮುವಿಗೆ ತಿಂಡಿ ಇಳಿದಿರಲಿಲ್ಲ. ದಾರಿಯಲ್ಲಿನ ದೊಡ್ಡಿ ಊರು ದಾಟುವವರೆಗೂ ಹೇಗೆ ಕ್ಷಮೆ ಕೇಳುವುದೆಂದು ಬಾಯಿಪಾಠ ಮಾಡುತ್ತಿದ್ದ. ಸಿದ್ಧಾಂತದ ಮಾತೆತ್ತಿದರೆ ಬಸ್ಸಿಂದ ಇಳಿಸುತ್ತೇನೆಂದು ಮಹದೇವು ಎರಡು ಸಲ ಎಚ್ಚರಿಸಿದ.

ಕೆಂಪಸಿದ್ದಯ್ಯನ ಮನೆಯಂಗಳದಲ್ಲಿ ಕುರ್ಚಿಗಳನ್ನು ನ್ಯಾಯಕ್ಕೆ ಹಾಕಿದ ಹಾಗೆ ಎದುರುಬದುರು ಹಾಕಿದ್ದರು. ಆ ಕಡೆ ಬೀದಿಯ ಹಿರಿಯರು ಎಂಟು ಜನ, ಜಗುಲಿಯ ಮೇಲೆ ಹೆಂಗಸರು, ಅವರ ನಡುವೆ ಪಟ್ಟಲಮ್ಮ. ಸ್ವರೂಪ್ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಮಧ್ಯದಲ್ಲಿ ಕೆಂಪಸಿದ್ದಯ್ಯ ಕೂತಿದ್ದ. ಮೀಸೆಯ ಎಡಗಡೆ ಕಾಡಿಗೆ, ಬಲಗಡೆ ಹತ್ತಿ. ಮಹದೇವು ಮುಂಚೆಯೇ ಹೇಳಿದ್ದರೂ, ಕಣ್ಣಾರೆ ನೋಡುವುದು ಬೇರೆಯೇ. ನಗಬಾರದ ಜಾಗದಲ್ಲಿ ನಗು ಹೇಗೆ ಹುಟ್ಟುತ್ತದೆ ಎಂದು ಎರಡು ದಿನ ಕೇಳಿದ್ದ ಸಿದ್ದರಾಮು, ಅದನ್ನು ತಡೆಯುವುದು ಹೇಗೆಂದು ಯಾರೂ ಹೇಳಿರಲಿಲ್ಲವಾದ್ದರಿಂದ, ಕೆನ್ನೆಯ ಒಳಭಾಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತ.

ಒಂದು ಚೊಂಬು ನೀರು ಬಂತು. ಆಮೇಲೆ ಏನೂ ಬರಲಿಲ್ಲ. ಎಂಟು ಹಿರಿಯರೂ ಒಬ್ಬೊಬ್ಬರಾಗಿ ಮಾನ ಮರ್ಯಾದೆಯ ಬಗ್ಗೆ ಮಾತಾಡಿದರು. ಹನ್ನೊಂದಕ್ಕೆ ಶುರುವಾದದ್ದು ಹನ್ನೆರಡೂವರೆಯಾಯಿತು. ಸಿದ್ದರಾಮು ಎದ್ದು ಕೈಮುಗಿದು ತಪ್ಪಾಯಿತು ಎಂದ. ಕೆಂಪಸಿದ್ದಯ್ಯ ಜೇಬಿನಿಂದ ಪತ್ರ ತೆಗೆದು ಮುಂದೆ ಚಾಚಿದ.

“ಓದಿ ಸ್ವಾಮಿ. ನೀವು ಬರ್ದಿರದ ನಿಮ್ಮ ಬಾಯಲ್ಲೇ ಕೇಳವ.”

ಸಿದ್ದರಾಮು ಪತ್ರ ಬಿಚ್ಚಿದ. ಒಂದನೆಯ ಅಂಶ ಓದುವಾಗ ತಲೆ ಎತ್ತಲಿಲ್ಲ. ಎರಡನೆಯದಕ್ಕೆ ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಮೂರನೆಯದು ಪಟ್ಟಲಮ್ಮನದು. ಮೆಲ್ಲಗೆ, ಎಮ್ಮೆ ಎಂಬ ಮಾತನ್ನು ಆದಷ್ಟು ಗೌರವದಿಂದ ಉಚ್ಚರಿಸಿ ಓದಿದ. ಜಗುಲಿಯ ಮೇಲೆ ಪಟ್ಟಲಮ್ಮ ಎದ್ದು ನಿಂತಳು.

“ಇದ ಕಟ್ದೋರ್ ಯಾರು?”

“ನಾನೇ ಕಣವ್ವ,” ಎಂದಳು ಸಣ್ಣತಾಯಮ್ಮ.

“ಮತ್ತೆ ಆವತ್ತು ಯಾಕ್ ಆಡ್ನಿಲ್ಲ?”

“ಈ ನನ್ ಮಗ ಬಾಯ್ಗೆ ಬೀಗ ಆಕ್ದ.”

ಪಟ್ಟಲಮ್ಮ ಸಿದ್ದರಾಮುವಿನ ಕಡೆ ಒಮ್ಮೆ ನೋಡಿದಳು. ಅಡುಗೆ ಮನೆಗೆ ನುಗ್ಗಿದ ಬೆಕ್ಕನ್ನು ನೋಡುವ ನೋಟ ಅದು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಎಮ್ಮೆಯ ಪದವನ್ನು ಹೀಗೆ ಸಾವಿನ ಸುದ್ದಿ ಓದಿದಂತೆ ಓದುತ್ತಾರೆಯೇ, ಧೈರ್ಯವಿದ್ದರೆ ಈಗ ಹಾಡು ಎಂದಳು. ಸಣ್ಣತಾಯಮ್ಮ ಎಲೆಅಡಿಕೆ ಉಗಿದು ಬಂದಳು.

ಪಟ್ಟಲಮ್ಮ ಬಾಯ್ತೆಗುದ್ರೆ ಪಕ್ಕದೂರ ಎಮ್ಮೆಲ್ಲ
ಕಟ್ಟಿದ್ದ ಅಗ್ಗ ಕಿತ್ಕಂಡು, ಬೀಗಮ್ಮ
ಕೊಟ್ಟೀಗೆ ಬುಟ್ಟು ಬತ್ತಾವೆ

ಹಾಡು ಮುಗಿಯುವ ಮೊದಲೇ ಪಟ್ಟಲಮ್ಮನಿಂದ ಜವಾಬು ಬಂತು.

ಮದ್ದೂರ ಬೀಗಯ್ಯ ನಗೋದ ಓದವ್ನೆ
ಎದ್ದೆದ್ದು ನಗ್ತಾನೆ ಕಾಗ್ದಾಗೆ, ನಮ್ ಬೀಗ
ಸದ್ದಿಲ್ದೆ ಸೈನು ಆಕವ್ನೆ

ಜಗುಲಿಯ ಹೆಂಗಸರೆಲ್ಲ ಘೊಳ್ಳೆಂದರು. ಹಿರಿಯರಲ್ಲಿ ಮೂವರು ಮುಖ ತಿರುಗಿಸಿಕೊಂಡು ಭುಜ ಕುಣಿಸಿದರು. ಪೋಸ್ಟಿನಲ್ಲಿ ಬಂದು ಮಾನ ಕಳೆದ ಅದೇ ಮಾತುಗಳು ಹಾಡಿನಲ್ಲಿ ಬಂದು ಅಂಗಳದ ಬಿಗಿಯನ್ನು ಸಡಿಲಿಸುತ್ತಿದ್ದವು. ಇದಕ್ಕೆ ಯಾವ ಸಿದ್ಧಾಂತವೋ ಸಿದ್ದರಾಮುವಿಗೆ ತಿಳಿಯಲಿಲ್ಲ. ಬಹುಶಃ ಕಾಫಿ ಬಂದಾಗ ಹೇಳಿದ್ದು ಅದೇ ಇರಬೇಕು.

ಆದರೆ ಕೆಂಪಸಿದ್ದಯ್ಯ ನಗಲಿಲ್ಲ. ಹೆಂಗಸರದು ಹೆಂಗಸರಿಗೆ ಆಯಿತು, ಅದಕ್ಕೂ ಪತ್ರಕ್ಕೂ ಸಂಬಂಧವಿಲ್ಲ ಎಂದ. ಸಣ್ಣತಾಯಮ್ಮನವರು ಬೈದರು, ಅವರು ನೆಂಟರು. ಆದರೆ ಗಂಡಸಾಗಿ ಎದುರಿಗೆ ಬಂದು ಒಂದು ಮಾತು ಆಡಲಾರದೆ, ದೂರ ಕೂತು ಹತ್ತೊಂಬತ್ತು ಬರೆದು ಕಳಿಸಿದವನನ್ನು ಏನೆಂದು ಕರೆಯುವುದು? “ಎದ್ರಿಗೆ ಕೂತಿವ್ನಿ. ನಿಮ್ಮ ಬಾಯಿಂದ ಏನಾರ ಬತ್ತದಾ ಸ್ವಾಮಿ? ಬಂದ್ರೆ ಮದ್ವೆ ಮಾತಾಡವ. ಇಲ್ದಿದ್ರೆ ಒಂಟೋಗಿ.”

ಎಲ್ಲರೂ ಸಿದ್ದರಾಮುವನ್ನೇ ನೋಡಿದರು. ನಗುವಿನ ವಿಷಯದಲ್ಲಿ ಇಡೀ ಮದ್ದೂರು ತಾಲ್ಲೂಕಿಗೆ ಪ್ರಮಾಣಪತ್ರ ಇದ್ದವನು ಅವನೊಬ್ಬನೇ. ಅವನ ತಲೆಯಲ್ಲಿ ಬಲ್ಬು ಬಂತು, ಫ್ಯಾನು ಬಂತು, ಹೋಯಿತು. ಹೊಟ್ಟೆ ಚುರುಗುಟ್ಟುತ್ತಿತ್ತು, ಕಿವಿಯಲ್ಲಿ ಮಗಳ ನಡುಗುವ ದನಿ ಇತ್ತು, ಕಣ್ಣೆದುರು ಕಪ್ಪು ಬಿಳುಪಿನ ಮೀಸೆ ಇತ್ತು. ಅವನು ಕೈಮುಗಿದ. ಕಣ್ಣಲ್ಲಿ ನೀರು ತುಂಬಿತ್ತು.

“ಬೀಗ್ರೆ, ನಂಗೆ ತಮಾಸೆ ಮಾಡಕೆ ಬರಕಿಲ್ಲ. ಬೆಳಿಗ್ಗೆಯಿಂದ ಬರೀ ಒಟ್ಟೇಲಿ ಕೂತಿವ್ನಿ. ನೀವು ಕೊಟ್ಟಿದ್ದು ಬರೀ ನೀರು, ನಿಮ್ಮ ಮೀಸೆ ನೋಡುದ್ರೆ ಅದೂ ಅರ್ಧಕ್ಕೇ ನಿಂತದೆ. ಈ ಮನೇಲಿ ಏನ್ ಸುರು ಮಾಡುದ್ರೂ ಅರ್ಧಕ್ಕೇ ಬುಡ್ತೀರೇನೋ ಅಂತ ನಂಗೆ ಭಯ ಆಯ್ತದೆ. ನಿಮ್ಮ ಕಾಲ್ಗೆ ಬೀಳ್ತೀನಿ, ನನ್ ಮಗಳ ಮದ್ವೆನಾದ್ರೂ ಪೂರ್ತಿ ಮಾಡಿ.”

ಅವನು ಬೇಡಿಕೊಂಡದ್ದೇ ಹೊರತು ತಮಾಷೆ ಮಾಡಿದ್ದಲ್ಲ. ಕೆಂಪಸಿದ್ದಯ್ಯನ ಕೈ ಮೆಲ್ಲಗೆ ಮೀಸೆಗೆ ಹೋಯಿತು. ಮೊದಲು ಬಿಳಿಯ ಕಡೆ ಅದುರಿತು, ಆಮೇಲೆ ಕರಿಯ ಕಡೆ. ಆಮೇಲೆ ಕುರ್ಚಿ ಅದುರಿತು. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಉಸಿರು ಕಟ್ಟುವವರೆಗೆ ನಕ್ಕ. ಎಂಟು ಹಿರಿಯರೂ ಇನ್ನು ಮರ್ಯಾದೆ ನೋಡದೆ ನಕ್ಕರು. ಸ್ವರೂಪ್ ಕಂಬ ಹಿಡಿದುಕೊಂಡು ನಕ್ಕ. ಸಿದ್ದರಾಮು ಒಬ್ಬನೇ ಏನಾಯಿತೆಂದು ತಿಳಿಯದೆ ಕೈಮುಗಿದುಕೊಂಡೇ ನಿಂತಿದ್ದ.

“ಲೇ ಬೀಗ,” ಎಂದ ಕೆಂಪಸಿದ್ದಯ್ಯ, ಬಂದು ಅವನ ಹೆಗಲಿಗೆ ಕೈ ಹಾಕಿ. “ಇದ ಆವತ್ತೇ ಅಂದಿದ್ರೆ ನೀನು ಏನ್ ಕಳ್ಕೊತಿದ್ದೆ? ಪಾಯ್ಸ ತಿನ್ದೆ ಎದ್ದು ಬಂದೆನಲ್ಲೋ.”

ಆ ‘ನೀನು’ ಕೇಳಿ ಮಹದೇವು ಉಸಿರು ಬಿಟ್ಟು ಕುರ್ಚಿಗೆ ಒರಗಿದ. ಹಿತ್ತಿಲಲ್ಲಿ ಎರಡು ನಾಟಿ ಕೋಳಿಗಳು ಕೂಗಿಕೊಂಡು ಸುಮ್ಮನಾದವು. ಲಗ್ನದ ದಿನ ಅಲ್ಲೇ ಪಂಚಾಂಗ ತರಿಸಿ ನೋಡಿದ್ದಾಯಿತು. ಮೂರು ಗಂಟೆಗೆ ಎಲೆ ಹಾಕಿದರು. ಈಗ ಎಲೆ ಮುಂದೆ ಕೂತವರು ಮದ್ದೂರಿನವರಾದ್ದರಿಂದ, ಹಾಡುವ ಸರದಿ ಪಟ್ಟಲಮ್ಮನದಾಯಿತು. ತಿಂಗಳಿಂದ ಹೊಟ್ಟೆಯಲ್ಲಿ ಉಳಿದದ್ದೆಲ್ಲ ಹೊರಗೆ ಬರತೊಡಗಿತು.

ಅತ್ತಾರು ಸಿದ್ದಾಂತ ಒತ್ಕೊಂಡು ಬಂದವ್ನೆ
ತುತ್ತನ್ನ ಕಂಡೇಟ್ಗೆ ಮರ್ತವ್ನೆ, ನಮ್ ಬೀಗ
ಮತ್ತೊಂದು ಮುದ್ದೆ ಕೇಳವ್ನೆ

ಅವನ ಹೊಟ್ಟೆ, ಅವನ ಬೋಳುತಲೆ, ಅವನು ತುಂಬಿಕೊಂಡು ಬಂದ ಕಚೇರಿಯ ಭಾಷೆ, ಯಾವುದನ್ನೂ ಅವಳು ಬಿಡಲಿಲ್ಲ. ಸಿದ್ದರಾಮುವಿನ ಕಿವಿ ಕೆಂಪಾಯಿತು. ಅವಮಾನ ಎಂದರೆ ಇದೇ ಇರಬೇಕು ಎನಿಸಿತು. ಆದರೆ ಎರಡನೆಯ ಮುದ್ದೆಯ ಜೊತೆ ಅದು ಬಹಳ ಸಲೀಸಾಗಿ ಇಳಿಯುತ್ತಿತ್ತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಶಾಲಿನಿ. ಬೆಳಿಗ್ಗೆಯಿಂದ ಹನ್ನೊಂದು ಸಲ ಮಾಡಿದ್ದಳು. ಏನಾಯಿತಪ್ಪ ಎಂದು ಕೇಳಿದಳು, ಅದೇ ನಡುಗುವ ದನಿಯಲ್ಲಿ. ಸಿದ್ದರಾಮುವಿನ ಬಾಯಿ ತುಂಬ ಕೋಳಿ ಸಾರಿನ ಮುದ್ದೆ ಇತ್ತು, ಮಾತು ಹೊರಡಲಿಲ್ಲ. ಎಡಗೈಯಲ್ಲಿ ಫೋನನ್ನು ಹಾಡುವವರ ಕಡೆ ತಿರುಗಿಸಿ ಹಿಡಿದ. ಪಟ್ಟಲಮ್ಮ ಅವನ ನಡಿಗೆಯನ್ನು ಹಿಡಿದಿದ್ದಳು, ಜಗುಲಿಯೆಲ್ಲ ಒಟ್ಟಾಗಿ ಸೊಲ್ಲು ಹೇಳುತ್ತಿತ್ತು, ನಡುವೆ ಕೆಂಪಸಿದ್ದಯ್ಯನ ನಗು ಕೇಳುತ್ತಿತ್ತು.

ಆ ಕಡೆ ಮದ್ದೂರಿನ ನಡುಮನೆಯಲ್ಲಿ ಮಗಳು ಅಡುಗೆ ಮನೆಯ ಕಡೆಗೆ ಕೂಗಿ ಹೇಳಿದ್ದು ಸಿದ್ದರಾಮುವಿಗೆ ಸ್ಪಷ್ಟವಾಗಿ ಕೇಳಿಸಿತು.

“ಅಮ್ಮ, ಅಪ್ಪಂಗೆ ಚೆನ್ನಾಗಿ ಉಗೀತಾವ್ರೆ ಕಣಮ್ಮ. ಮದ್ವೆ ಐತೆ.”